ಕಡೀ ಚೆಂಡು ಬ್ಯಾಡಂದಾಕಿ

ಮ್ಯಾಚ್ ಕಡೀ ನಿಮಿಷಕ್ಕ ಬಂತಂದ್ರ ಎಂಥೆಂಥಾ ಆಟಗಾರರಿಗೂ ಕೈಕಾಲಾಗಿನ ಜೀವಾ ಹೋಗ್ತೈತಿ. ಕೆಲವರಿಗಷ್ಟ ಏನೂ ಆಗೂದಿಲ್ಲ. ಅದು ಹುಟ್ಟಾ ಬಂದದ್ದೋ, ಕಲಿಸಿದ್ದೋ ಅಂತ ಮಂದಿ ನನ್ನ ಕೇಳ್ತಾರ. ಇಳಕಲ್ಲಿನ ಸಾಲ್ಯಾಗ ಹುಡುಗ್ಯಾರಿಗೆ ಬಾಸ್ಕೆಟ್‌ಬಾಲ್ ಕಲಿಸೂ ಪಿ.ಟಿ. ಟೀಚರ್ ನಾ. ಮೊದಲೆಲ್ಲಾ ದೊಡ್ಡ ಭಾಷಣಾನ ಬಿಗಿತಿದ್ದೆ. ಅಂಜಿಕಿ ಇಲ್ಲದಾಕಿನ ಹುಡುಕಿ ಚೆಂಡು ಆಕಿ ಕೈಯಾಗ ಇಡ್ರಿ, ಮುಗೀತು ಅಂತಿದ್ದೆ. ಈಗ ಬಾಯಿ ಮುಚ್ಕೊಂಡು ಕೂಡ್ತೇನಿ.

ನಮ್ಮ ತಂಡದಾಗ ಹತ್ತನೇತ್ತಾ ಓದೂ ಹುಡುಗಿ ಒಬ್ಬಾಕಿ ಇದ್ಲು. ಮಾತು ಕಮ್ಮಿ. ಸೋಲೂ ಹೊತ್ತಿನ್ಯಾಗ ಚೆಂಡು ಆಕಿ ಕೈಗೆ ಹೋತಂದ್ರ ಬುಟ್ಟ್ಯಾಗ ಬಿತ್ತು ಅಂತನ ತಿಳೀರಿ. ಮಾರಿ ಮ್ಯಾಲ ಒಂದು ಗೆರಿ ಅಲುಗತಿರಲಿಲ್ಲ. ಕಲ್ಲಿನಂಥಾ ಹುಡುಗಿ ಅಂತ ಊರ ತುಂಬ ಹೇಳ್ಕೋತ ತಿರುಗಿದೆ.

ಹೋದ ವರ್ಷ ಜಿಲ್ಲಾ ಫೈನಲ್‌ಗೆ ಬಾಗಲಕೋಟಿಗೆ ಹೊಂಟಿದ್ವಿ. ಬಸ್ಸು ಶಿರೂರು ದಾಟಿದ ಮ್ಯಾಲ ಆಕಿ ಎದ್ದು ಬಂದು ನನ್ನ ಬಾಜೂ ಕೂತ್ಲು. ಬುತ್ತಿ ಬಿಚ್ಚಿರಲಿಲ್ಲ. ಮ್ಯಾಚ್ ಐತಂದ್ರ ಹಿಂದಿನ ದಿನದಿಂದನ ತನಗ ತುತ್ತು ಇಳಿಯೂದಿಲ್ಲ, ಗೆದ್ದ ಮ್ಯಾಲೂ ನಿದ್ದಿ ಹತ್ತೂದಿಲ್ಲ, ಕಣ್ಣು ಮುಚ್ಚಿದ್ರ ಚೆಂಡು ಹೊರಗ ಬಿದ್ದಂಗ ಕಾಣ್ತೈತಿ ಅಂತ ಸಣ್ಣ ದನಿಲೆ ಹೇಳಿದ್ಲು.

"ಇವತ್ತ ಕಡೀ ಚೆಂಡು ನನಗ ಬ್ಯಾಡ್ರಿ, ಅಕ್ಕಾರ," ಅಂದ್ಲು.

"ಆತು ಬಿಡವ್ವಾ, ಕೊಡೂದಿಲ್ಲ," ಅಂದೆ. ಹುಡುಗಿ ನಂಬಿ, ಅಲ್ಲೇ ಕೂತು ಒಂದು ರೊಟ್ಟಿ ತಿಂದ್ಲು.

ಆಟ ಮುಗಿಯೂ ಹೊತ್ತಿಗೆ ನಾವು ಒಂದು ಪಾಯಿಂಟ್ ಹಿಂದ. ಟೈಮ್‌ಔಟ್ ತಗೊಂಡೆ. ಕೊಟ್ಟ ಮಾತು ನೆನಪಿತ್ತು, ಮರತಿದ್ದೆ ಅಂದ್ರ ಸುಳ್ಳಾಗ್ತೈತಿ. ಗೆಲ್ಲೂ ಆಸೆ ನೆತ್ತಿಗೇರಿತ್ತು. ಚೆಂಡು ಈಕಿಗೇ ಕೊಡ್ರಿ ಅಂತ ಬೊಟ್ಟು ಆಕಿ ಕಡೆ ಮಾಡಿದೆ. ಆಕಿ ಒಮ್ಮೆ ನನ್ನ ಮಾರಿ ನೋಡಿದ್ಲು. ಹೋಗಿ ಹೊಡದ್ಲು. ಬಿತ್ತು.

ನಾ ಹುಚ್ಚಿಯಂಗ ಕುಣದೆ. ತಿರುಗಿ ಬರೂ ಮುಂದ ಅಮೀನಗಡದಾಗ ಬಸ್ಸು ನಿಲ್ಲಿಸಿ ಎಲ್ಲಾರಿಗೂ ಕರದಂಟು ಕೊಡಿಸಿದೆ. ಆಕಿ ತನ್ನ ಪಾಲು ಬಾಜೂದಾಕಿಗೆ ಕೊಟ್ಲು. ನೋಡಿಯೂ ನೋಡದಂಗ ಕೂತೆ.

ಮುಂದ ಪ್ರ್ಯಾಕ್ಟೀಸಿಗೆ ಬರೂದು ಬಿಟ್ಲು. ಎರಡು ವಾರ ಕಾದು, ಕ್ಲಾಸಿನ ಬಾಗಿಲಿಗೆ ಹೋಗಿ ಹೊರಗ ಕರದೆ. ಅಷ್ಟಾದ ಮ್ಯಾಲೂ ನನ್ನ ನಾಲಿಗಿ ನೋಡ್ರಿ, ತಪ್ಪಾತವ್ವಾ ಅನ್ನೂದು ಬಿಟ್ಟು, ಚೆಂಡು ಬಿತ್ತಲ್ಲ, ಮತ್ಯಾಕ ಬರವಲ್ಲಿ ಅಂತ ಕೇಳಿತು.

ಆಕಿ ಸಿಟ್ಟೇನು ಮಾಡಲಿಲ್ಲ. "ಬೀಳದಿದ್ರ ನನ್ನ ಮಾತು ನಂಬತಿದ್ರಿ ಅಲ್ರಿ, ಅಕ್ಕಾರ?" ಅಂದ್ಲು.

ಖರೆ. ಬೀಳದಿದ್ರ ಆಕೀನ ತೆಕ್ಕಿಗೆ ತಗೊಂಡು, ನಂದ ತಪ್ಪು ಅಂತ ಎಲ್ಲಾರ ಮುಂದ ಅಂತಿದ್ದೆ. ಬಿದ್ದದ್ದಕ್ಕ ತಪ್ಪಾತು ಅಂತ ಹೆಂಗ ಅನ್ನಬೇಕು, ತಿಳೀಲಿಲ್ಲ. ಗಂಟಿ ಹೊಡೀತು. ಬರ್ತೇನ್ರಿ ಅಂತ ಆಕಿ ಒಳಗ ಹೋದ್ಲು. ಮತ್ತ ಮೈದಾನಕ್ಕ ಬರಲಿಲ್ಲ.