ಕಾಣದ ಬೆಳಕಿಗೆ ಒತ್ತಿದ ಗುಂಡಿ

ದೂರದಲ್ಲಿರುವುದನ್ನು ಯಾರಾದರೂ ಬೆರಳು ಚಾಚಿ ತೋರಿಸಿ "ಕಾಣ್ತಾ?" ಎಂದು ಕೇಳಿದರೆ, ಕಾಣದಿದ್ದರೂ "ಹೂಂ, ಕಾಣ್ತು" ಎಂದುಬಿಡುವ ಸೌಜನ್ಯ ನಿಮ್ಮಲ್ಲೂ ಇದ್ದೀತು. ಬಿದಿಗೆಯ ಚಂದ್ರ, ಮೋಡದಂಚಿನ ವಿಮಾನ, ಎದುರಿನ ಮರದ ಅಳಿಲು, ಇವುಗಳಲ್ಲಿ ಅರ್ಧದಷ್ಟನ್ನು ನಾನು ನೋಡಿರುವುದು ದಾಕ್ಷಿಣ್ಯದ ಕಣ್ಣಿನಿಂದಲೇ.

ಈ ದಾಕ್ಷಿಣ್ಯ ಸಿಕ್ಕಿಬಿದ್ದದ್ದು ಸ್ಟುಟ್‌ಗಾರ್ಟಿನ ಒಬ್ಬ ಕಣ್ಣಿನ ಡಾಕ್ಟರ ಬಳಿ. ಬ್ಲೂ ಕಾರ್ಡ್ ಎಂಬ ಕೆಲಸದ ಪರವಾನಗಿ ಹಿಡಿದು ಜರ್ಮನಿಗೆ ಬಂದ ಆರನೆಯ ವರ್ಷ, ಕನ್ನಡಕ ಬದಲಿಸಲೆಂದು ಹೋದವನ ಕಣ್ಣಿನೊತ್ತಡ ನೋಡಿ ಅವರು ಹುಬ್ಬೇರಿಸಿದರು. ಗ್ಲಾಕೋಮಾ ಇರಬಹುದು, ನೋಟದ ಅಂಚು ಎಷ್ಟು ಸವೆದಿದೆಯೆಂದು ಅಳೆಯಬೇಕು ಎಂದರು. ಇದೇ ಕಾಯಿಲೆಯಿಂದ ನನ್ನ ತಂದೆ ಕೊನೆಕೊನೆಗೆ ನಮ್ಮನ್ನೆಲ್ಲ ದನಿಯಿಂದಷ್ಟೇ ಗುರುತಿಸುತ್ತಿದ್ದರು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಒಂದು ಕಣ್ಣಿಗೆ ಪಟ್ಟಿ, ಗದ್ದಕ್ಕೊಂದು ಆಸರೆ, ಮುಂದೆ ಬಿಳಿಯ ಬೋಗುಣಿಯಂಥ ಯಂತ್ರ. ನಡುವಿನ ಹಳದಿ ಚುಕ್ಕೆಯಿಂದ ದೃಷ್ಟಿ ಕದಲಿಸದೆ, ಅತ್ತಿತ್ತ ಬೆಳಕು ಮಿನುಗಿದಾಗಲೆಲ್ಲ ಕೈಯಲ್ಲಿದ್ದ ಗುಂಡಿ ಒತ್ತಬೇಕು. ಪರೀಕ್ಷೆಯೆಂಬ ಶಬ್ದ ಕಿವಿಗೆ ಬಿದ್ದೊಡನೆ, ಯಾವ ಪ್ರಶ್ನೆಯನ್ನೂ ಖಾಲಿ ಬಿಡದ ಮೈಸೂರಿನ ಹಳೆಯ ವಿದ್ಯಾರ್ಥಿ ನನ್ನೊಳಗೆ ಎದ್ದು ಕುಳಿತ. ಯಂತ್ರ ಟಿಕ್ ಎಂದಾಗಲೆಲ್ಲ, ಬೆಳಕು ಕಾಣಲಿ ಬಿಡಲಿ, ತಾಳ ತಪ್ಪದೆ ಒತ್ತಿದೆ.

ಸಹಾಯಕಿ ಫಲಿತಾಂಶದ ಕಾಗದ ನೋಡಿ ನಕ್ಕರು. "ಇಲ್ಲದ ಬೆಳಕನ್ನೂ ನೋಡಿದ್ದೀರಲ್ಲ!" ಎಂದು ನನಗಾಗಿ ನಿಧಾನಿಸಿದ ಜರ್ಮನ್‌ನಲ್ಲಿ ಹೇಳಿದರು. ಊಹಿಸಿ ಒತ್ತುವವರನ್ನು ಹಿಡಿಯಲೆಂದೇ ಯಂತ್ರ ನಡುನಡುವೆ ಬೆಳಕು ತೋರಿಸದೆ ಬರಿದೇ ಸದ್ದು ಮಾಡುತ್ತದಂತೆ. ನನ್ನ ಉದ್ಯೋಗವೋ, ಕಾರಿನ ಸೆನ್ಸರುಗಳನ್ನು ಪರೀಕ್ಷಿಸುವುದು. ಇಲ್ಲದ ಪಾದಚಾರಿಯನ್ನು ಕಂಡೆನೆನ್ನುವ ಸೆನ್ಸರನ್ನು ನಿರ್ದಾಕ್ಷಿಣ್ಯವಾಗಿ ತಿರಸ್ಕರಿಸುವ ಮಹಾನುಭಾವ ನಾನು. ಆ ದಿನ ನನ್ನನ್ನೇ ವಾಪಸು ಕಳಿಸಿದರು.

ಮರುವಾರದ ಪರೀಕ್ಷೆಯಲ್ಲಿ ಕತ್ತಲನ್ನು ಕತ್ತಲಾಗಿಯೇ ಬಿಟ್ಟೆ. ಟಿಕ್ ಎಂದರೂ ಬೆಳಕು ಕಾಣದಿದ್ದಾಗ ಹೆಬ್ಬೆರಳನ್ನು ಗುಂಡಿಯಿಂದ ಎತ್ತಿ ಹಿಡಿದೆ. ಹೊಸ ಫಲಿತಾಂಶದ ಕಾಗದದಲ್ಲಿ, ಎಡಗಣ್ಣಿನ ನೋಟದ ಮೇಲಂಚಿಗೆ ಸಣ್ಣದೊಂದು ಕಪ್ಪು ಕಲೆ ಮೂಡಿತ್ತು. ಹೋದದ್ದು ಮರಳದು, ದಿನವೂ ತಪ್ಪದೆ ಹನಿ ಹಾಕಿಕೊಂಡರೆ ಉಳಿದದ್ದನ್ನು ಕಾಪಾಡಿಕೊಳ್ಳಬಹುದು ಎಂದರು ಡಾಕ್ಟರು. ಪೂರ್ತಿ ಅಂಕ ಗಳಿಸುವ ನನ್ನ ಆಸೆ ಆ ಕಲೆಯನ್ನೇ ಮುಚ್ಚಿಬಿಡುತ್ತಿತ್ತಲ್ಲ ಎಂದು ನಾಚಿಕೆಯಾಯಿತು, ಹಾಗೆಯೇ ಮನಸ್ಸು ಹಗುರವೂ ಆಯಿತು.

ಮೊನ್ನೆ ಬಾಲ್ಕನಿಯಲ್ಲಿ ಆರು ವರ್ಷದ ಮಗಳು ಎದುರಿನ ಮರದತ್ತ ಬೆರಳು ಚಾಚಿದಳು. "ಅಪ್ಪಾ, ಶೌ ಮಾಲ್, ನೋಡು, ಅಳಿಲು! ಕಾಣ್ತಾ?"

"ಇಲ್ಲ ಪುಟ್ಟಿ, ಕಾಣ್ತಿಲ್ಲ" ಎಂದೆ.

ಇಂಥ ಉತ್ತರ ನನ್ನಿಂದ ಕೇಳಿ ಅಭ್ಯಾಸವಿಲ್ಲದ ಅವಳು ಕುರ್ಚಿಯೊಂದನ್ನು ನನ್ನ ಪಕ್ಕಕ್ಕೆ ಎಳೆದಳು. ಆಮೇಲೆ ಅದನ್ನು ಹತ್ತಿ, ಎರಡೂ ಅಂಗೈಯಲ್ಲಿ ನನ್ನ ಗದ್ದ ಹಿಡಿದು ಮೆಲ್ಲನೆ ಎಡಕ್ಕೆ ತಿರುಗಿಸಿದಳು. ಕೆಂಪು ಬಾಲದ ಅಳಿಲೊಂದು ಕೊಂಬೆಯ ಮೇಲೆ ಕುಳಿತು ಏನನ್ನೋ ಮೆಲ್ಲುತ್ತಿತ್ತು.

"ಹೂಂ, ಕಾಣ್ತು" ಎಂದೆ. ಈ ಸಲ ಕಂಡಿತ್ತು.