ಸಾರಿನ ಪುಟ

ಜೊಂಜು ಪೇಟೆಯಲ್ಲಿ ಕೋಸಿಗೆ ಖಾರ-ಬೆಳ್ಳುಳ್ಳಿ ಮೆತ್ತಿ ಹುಳಿಬರಿಸಿದ ಕಿಮ್ಚಿ ಮಾರುವ ಒಕ್‌ಬುನ್ ಪ್ರೇಮಕಾದಂಬರಿ ಓದುತ್ತಾಳೆಂದರೆ ಅದನ್ನು ಬೈಯುತ್ತಾಳೆಂದೇ ಅರ್ಥ. ಗಿರಾಕಿ ಬಂದು ನಿಂತರೂ ತಲೆಯೆತ್ತುವುದಿಲ್ಲ. ಖಾರ ಮೆತ್ತಿದ ಬೆರಳಲ್ಲೇ ಪುಟ ಮಗುಚುವುದರಿಂದ ಅವಳ ನಾಯಕಿಯರೆಲ್ಲ ಬೆಳ್ಳುಳ್ಳಿ ನಾರುತ್ತಾರೆ. "ಅತ್ತೆಯಾಗೋಳಿಗೆ ಒಂದೇ ಕೈಲಿ ಮದ್ಯ ಬಗ್ಗಿಸ್ತಾಳಂತೆ! ಹಿರಿಯರಿಗೆ ಎರಡೂ ಕೈಲಿ ಬಗ್ಗಿಸ್ಬೇಕು ಅಂತ ಇವಳಮ್ಮ ಕಲಿಸ್ಲಿಲ್ವಾ!" ಎಂದು ಪಕ್ಕದ ಮೀನಂಗಡಿಯ ಕ್ಯೊಂಗ್ಜಾಳಿಗೆ ಕೂಗಿ ಹೇಳುತ್ತಾಳೆ. ಕಂಪನಿ ಮಾಲೀಕನ ಮಗನಾದ ನಾಯಕ ಮಳೆಯಲ್ಲಿ ನೆನೆಯುತ್ತ ಅತ್ತರೆ, "ಇವನಿಗೊಂದು ಕೊಡೆ ತಗೊಳ್ಳೋ ಯೋಗ್ಯತೆ ಇಲ್ವಾ?" ಮದುವೆಯಾದ ಮೇಲೆ ಅವನು ನಾಯಕಿಯ ಹುಟ್ಟುಹಬ್ಬಕ್ಕೆ ನಸುಕಿನಲ್ಲೆದ್ದು, ಆ ದಿನ ತಪ್ಪದೆ ಉಣ್ಣಬೇಕಾದ ಕಡಲಪಾಚಿಯ ಸಾರು ಮಾಡುವ ಪುಟ ಬಂತೋ, ಅಂಗಡಿಸಾಲೆಲ್ಲ ಕೇಳಲೇಬೇಕು: "ಚೀಲಪೂರ್ತಿ ಒಣಪಾಚಿ ನೆನೆಹಾಕಿದ್ನಂತೆ ಕಣೇ! ಅದು ಉಬ್ಬಿದ್ರೆ ಇಡೀ ಊರಿಗೆ ಆಗತ್ತೆ. ಹೆಂಡ್ತಿಗೆ ಸಾರು ಮಾಡೋ ಗಂಡಸನ್ನ ಯಾರು ಕಂಡಿದಾರೆ!" "ಇಷ್ಟು ಬೈಕೊಂಡು ಯಾಕಕ್ಕ ಓದ್ತೀಯ?" ಎಂದು ಕ್ಯೊಂಗ್ಜಾ ಕೇಳಿದರೆ, "ತಪ್ಪು ಹಿಡಿಯೋಕೆ" ಎನ್ನುತ್ತಾಳೆ. ಹೋದ ತಿಂಗಳು, ತನ್ನ ಅರವತ್ತನೆಯ ಹುಟ್ಟುಹಬ್ಬದ ಹಿಂದಿನ ದಿನ, ಗಂಡನ ಕಣ್ಣಿಗೆ ಬೀಳಲೆಂದು ಅದೇ ಪುಟ ತೆರೆದು ಊಟದ ಮೇಜಿನ ಮೇಲಿಟ್ಟು ಅಂಗಡಿಗೆ ಬಂದಿದ್ದಳು. ಅವನು ಒಲೆಯಿಂದಿಳಿಸಿದ ನೂಡಲ್ಸ್ ಪಾತ್ರೆಯನ್ನು ನೇರ ಅದರ ಮೇಲೇ ಇಟ್ಟುಕೊಂಡು ಉಂಡ. ಈಗ ಆ ಪುಟದ ನಟ್ಟನಡುವೆ ದುಂಡನೆಯ ಕಪ್ಪು ಗುರುತಿದೆ. ಅದರಡಿ ಮುಚ್ಚಿಹೋದ ಸಾಲುಗಳನ್ನು ಒಕ್‌ಬುನ್ ಬಾಯಿಪಾಠವಾಗಿ ಹೇಳಿಕೊಂಡು ಬೈಯುತ್ತಾಳೆ, ಒಂದಕ್ಷರವೂ ತಪ್ಪದಂತೆ.