ಕಿವಿಯಕ್ಕನ ಸಹಿ

ವಿನೈಲ್ ರೆಕಾರ್ಡ್ ಒತ್ತುವ ಆ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ಕಿವಿಯಕ್ಕ ಎಂದೇ. ಇಪ್ಪತ್ತೆರಡು ವರ್ಷದಿಂದ ಅವಳದು ಒಂದೇ ಕೆಲಸ: ಹೊಸ ಅಚ್ಚಿನಿಂದ ಮೊದಲು ಬಂದ ರೆಕಾರ್ಡನ್ನು ಎರಡೂ ಬದಿ ಪೂರ್ತಿ ಕೇಳುವುದು. ಸರಿಯಿದ್ದರೆ ಚೀಟಿಯಲ್ಲಿ ‘ಕೇಳಿದ್ದೇನೆ’ ಎಂದು ಬರೆದು ಸಹಿ ಹಾಕುತ್ತಾಳೆ. ಉಳಿದವನ್ನು ಒತ್ತಬೇಕಾದದ್ದು ಆಮೇಲೆಯೇ. ಮನೆಯಲ್ಲಿ ಗಂಡ ನಲ್ಲಿ ನಿಲ್ಲಿಸಿದ್ದೇನೆಂದು ಆಣೆ ಇಟ್ಟರೂ, ಎರಡು ಕೋಣೆ ಆಚೆಯಿಂದಲೇ "ಸುಳ್ಳು, ತೊಟ್ಟಿಕ್ತಾ ಇದೆ" ಎನ್ನುವ ಹೆಂಗಸು. ಪಾಪ, ಆ ಮನುಷ್ಯ ವಾದ ಮಾಡುವುದನ್ನೇ ಬಿಟ್ಟಿದ್ದಾನೆ.

ಆ ತಿಂಗಳು ಒಬ್ಬ ಬಸ್ ಡ್ರೈವರ್ ತಾನೇ ಮಾಡಿದ ಸಂಗೀತದ ರೆಕಾರ್ಡು ಬಂತು. ಒಂದು ಬದಿ ಡೀಪ್ ಟೆಕ್ ಹೌಸ್, ಇನ್ನೊಂದು ಬದಿ ಮಿನಿಮಲ್ ಟೆಕ್ನೋ; ಎರಡೂ ಮೆಷೀನಿನಲ್ಲಿ ಮಾಡುವ ಕುಣಿತದ ಸಂಗೀತ. ಹಾಡಿಲ್ಲ, ಮಾತಿಲ್ಲ, ಬರೀ ತಾಳ. ಹಿಂದೆಲ್ಲ ಇಂಥದಕ್ಕೆ ಅವಳೂ ಮೂಗು ಮುರಿದವಳೇ. ಕೇಳುತ್ತಾ ಕೇಳುತ್ತಾ ಬುದ್ಧಿ ಬಂತು. ಇರುವುದೇ ನಾಲ್ಕು ಸದ್ದು ಎಂದ ಮೇಲೆ ಒಂದೊಂದನ್ನೂ ಜೋಪಾನ ಮಾಡಬೇಡವೇ?

ಎರಡನೇ ಬದಿಯ ಒಂದು ಕಡೆ ತಾಳವೆಲ್ಲ ನಿಂತು ಬರೀ ಬೇಸ್‌ನ ತಗ್ಗು ದನಿ ಉಳಿಯುತ್ತದೆ. ಅಲ್ಲಿ, ರೆಕಾರ್ಡು ಒಂದು ಸುತ್ತು ಬಂದಾಗಲೆಲ್ಲ, ಟಿಕ್. ಸೂಜಿ ಒರೆಸಿ ಕೇಳಿದಳು. ಅದೇ ಅಚ್ಚಿನ ಇನ್ನೊಂದು ರೆಕಾರ್ಡು ತರಿಸಿ ಕೇಳಿದಳು. ಅದೇ ಜಾಗ, ಅದೇ ಟಿಕ್. ಅಚ್ಚಿನಲ್ಲೇ ಸಣ್ಣ ಗುಳ್ಳೆ ಎದ್ದಿತ್ತು.

ಮ್ಯಾನೇಜರ್ ನಕ್ಕುಬಿಟ್ಟ. "ಅಕ್ಕಾ, ಈ ಮ್ಯೂಸಿಕ್ಕಲ್ಲಿ ಇರೋದೇ ಟಿಕ್ ಟಿಕ್. ಒಂದು ಜಾಸ್ತಿ ಬಿದ್ರೆ ಯಾರಪ್ಪನ ಗಂಟು ಹೋಗುತ್ತೆ?"

"ಅವರು ಹಾಕಿದ ಟಿಕ್ ಬೇರೆ, ನಾವು ಹಾಕಿದ ಟಿಕ್ ಬೇರೆ ಸಾರ್. ಹೊಸ ಅಚ್ಚು ಮಾಡಿಸಿ. ಅಲ್ಲೀವರೆಗೂ ನಾನು ಸಹಿ ಹಾಕಲ್ಲ."

"ಆಯ್ತು ಬಿಡಿ, ಮಾಡಿಸೋಣ."

ನಂಬಿದಳು. ಕೂದಲೆಳೆಯಷ್ಟು ಗೀರನ್ನೂ ಬಿಡದವಳಿಗೆ ಮ್ಯಾನೇಜರನ ಸುಳ್ಳು ಮಾತ್ರ ಕೇಳಿಸಲಿಲ್ಲ.

ಮೂರು ವಾರ ಕಳೆದು, ಮಧ್ಯಾಹ್ನ ಊಟದ ಹೊತ್ತಿಗೆ ಡ್ರೈವರ್ ಖಾಕಿಯಲ್ಲೇ ಬಂದ. "ಕಿವಿಯಕ್ಕ ಅಂದ್ರೆ ನೀವೇನಾ? ನನ್ನ ರೆಕಾರ್ಡ್ ಕೇಳಿದ್ರಂತೆ. ಥ್ಯಾಂಕ್ಸ್ ಹೇಳಿ ಹೋಗೋಣ ಅಂತ ಬಂದೆ."

"ಈಗಲೇ ಯಾಕಪ್ಪಾ ಥ್ಯಾಂಕ್ಸು? ನಿಮ್ಮದನ್ನ ಇನ್ನೂ ಒತ್ತೇ ಇಲ್ಲ."

ಅವನು ಜೇಬಿನಿಂದ ಚೀಟಿ ತೆಗೆದ. ರೆಕಾರ್ಡಿನ ಡಬ್ಬದಲ್ಲಿ ಬಂದದ್ದಂತೆ. ‘ಕೇಳಿದ್ದೇನೆ’, ಕೆಳಗೆ ಅವಳ ಸಹಿ. ಯಾವುದೋ ಹಳೆಯ ಚೀಟಿಯಿಂದ ಜೆರಾಕ್ಸ್ ಹೊಡೆದದ್ದು. ಗುಳ್ಳೆಯ ಅಚ್ಚಿನಲ್ಲೇ ಒತ್ತಿದ ಮುನ್ನೂರು ರೆಕಾರ್ಡೂ ಅಂಗಡಿ ಸೇರಿಯಾಗಿತ್ತು.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಕದಿಯಲು ಕಾರ್ಖಾನೆ ತುಂಬ ಸಾಮಾನಿದೆ. ಆ ನಾಚಿಕೆಗೆಟ್ಟ ಮ್ಯಾನೇಜರನಿಗೆ ಕಂಡದ್ದು ತನ್ನ ಹೆಸರೇ?

"ಎರಡನೇ ಬದೀಲಿ ಟಿಕ್ ಅಂತ ಬರುತ್ತಲ್ಲಪ್ಪಾ. ನಿಮಗೆ ಕೇಳಿಸಲಿಲ್ವಾ?"

ಡ್ರೈವರನ ಮುಖ ಬಿಳಿಚಿಕೊಂಡಿತು. "ಹಾಗಾದ್ರೆ ಅದು ನಿಜವಾಗ್ಲೂ ಇದೆಯಾ? ಕೇಳಿಸ್ತು ಅಕ್ಕ. ಆದ್ರೆ ನಿಮ್ಮ ಸಹಿ ಇತ್ತಲ್ಲ! ಇಷ್ಟು ವರ್ಷ ಇಂಜಿನ್ ಪಕ್ಕ ಕೂತು ನನ್ನ ಕಿವೀನೇ ಕೆಟ್ಟಿದೆ ಅಂದ್ಕೊಂಡೆ. ಈ ಕಿವಿ ಇಟ್ಕೊಂಡು ಇನ್ನೇನು ಮ್ಯೂಸಿಕ್ ಮಾಡೋದು ಅಂತ ಮೊನ್ನೆ ನನ್ನ ಮೆಷೀನೆಲ್ಲ ಮಾರಿಬಿಟ್ಟೆ."

ಕಿವಿಯಕ್ಕ ಅವನ ರಟ್ಟೆ ಹಿಡಿದು, ಬಾಗಿಲು ಕೂಡ ತಟ್ಟದೆ ಮ್ಯಾನೇಜರನ ಕೋಣೆಗೆ ನುಗ್ಗಿದಳು.

"ಈಗ ಹೇಳಿದ್ರಲ್ಲ, ಅದನ್ನೇ ಹೇಳಿ," ಎಂದಳು ಡ್ರೈವರನಿಗೆ. "ಇವರಿಗೆ ಕೇಳೋ ಹಾಗೆ ಹೇಳಿ."